‘ಪರವಾಗಿಲ್ಲ’ ಅನ್ನೋ ಹಾಗಿಲ್ಲ

ಕಳೆದ ವಾರ ನಮ್ಮ ಸಿಸ್ಟರ್‌ಗೆ ಬೀಳ್ಕೊಡುಗೆ ಮಾಡಿದರು. ಆಸ್ಪತ್ರೆಯ ಮೇಲಿನ ಮಹಡಿಯಲ್ಲಿ ಕುರ್ಚಿ ಹಾಕಿಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟರು. ನಮ್ಮಂಥ ಹಳೆಯ ರೋಗಿಗಳನ್ನೂ ಕರೆದಿದ್ದರು. ಯಾರೋ ಮೈಕು ತಂದು ನನ್ನ ಕೈಗಿಟ್ಟು, “ನೀವೂ ಒಂದೆರಡು ಮಾತಾಡಿ” ಎಂದರು. ದಿನವಿಡೀ ವಟಗುಟ್ಟುವ ಹೆಂಗಸು ನಾನು, ನಮ್ಮ ಬೀದಿಯಲ್ಲಿ ಯಾರನ್ನು ಬೇಕಾದರೂ ಕೇಳಿ. ಅವತ್ತು ಮಾತ್ರ “ಸಿಸ್ಟರ್‌ಗೆ ಒಳ್ಳೆಯದಾಗಲಿ” ಎಂದಷ್ಟೇ ಹೇಳಿ, ಮೈಕು ವಾಪಸ್ ಕೊಟ್ಟು ಕೂತುಬಿಟ್ಟೆ. ಅವರು ಎದುರಿಗೇ ಕೂತಿದ್ದವರು, ಅಷ್ಟೇನಾ ಎನ್ನುವ ಹಾಗೆ ಹುಬ್ಬು ಹಾರಿಸಿದರು. ಮನೆಗೆ ಬಂದ ಮೇಲೆ ನನ್ನ ಮೇಲೆ ನನಗೇ ಸಿಟ್ಟು. ಖಂಡಿತ ಅಷ್ಟೇ ಅಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ.

ಅವರ ಹೆಸರು ಬರೆಯುವುದಿಲ್ಲ, ಬರೆದರೆ ಬೈಯುತ್ತಾರೆ. ಅವರಾದರೂ ನಮ್ಮನ್ನು ಹೆಸರು ಹಿಡಿದು ಕರೆದವರೇ ಅಲ್ಲ. ಹೆಸರು ನೆನಪಿಟ್ಟುಕೊಳ್ಳುವುದು ಅವರ ಜಾಯಮಾನದಲ್ಲೇ ಇರಲಿಲ್ಲ, ಏರಿಯಾದ ಹೆಸರೇ ನಮ್ಮ ಹೆಸರು. “ಏನ್ ಲಕ್ಷ್ಮೀಪುರಂ, ಇವತ್ತು ಮುಖ ಕಳೆಗುಂದಿದೆ?” ಎಂದರೆ ಅದು ನನಗೆ. “ರಾಜೀವನಗರಕ್ಕೆ ಬಾಯಿ ಹುಣ್ಣು ವಾಸಿ ಆಯ್ತಾ?” “ಹಿನಕಲ್ ಇನ್ನೂ ಬಂದಿಲ್ವಾ, ಬಸ್ಸು ಸಿಗಲಿಲ್ವೋ ಏನೋ.” ಹೊಸಬರು ಕೇಳಿದರೆ ಇವರು ನರ್ಸಮ್ಮನೋ ಸಿಟಿ ಬಸ್ಸಿನ ಕಂಡಕ್ಟರೋ ಎಂದು ತಬ್ಬಿಬ್ಬಾಗಬೇಕು. ಹೆಸರು ಮರೆಯುತ್ತಿದ್ದ ಅದೇ ತಲೆಯಲ್ಲಿ, ಯಾರಿಗೆ ಯಾವ ಮಾತ್ರೆ ಒಗ್ಗಲಿಲ್ಲ, ಯಾರು ಮೊನ್ನೆಯಿಂದ ಊಟ ಬಿಟ್ಟಿದ್ದಾರೆ ಎನ್ನುವುದೆಲ್ಲ ಮಾತ್ರ ಅಚ್ಚಳಿಯದೆ ಇರುತ್ತಿತ್ತು.

ನಾನು ಸೀರೆಗೆ ಕುಚ್ಚು ಕಟ್ಟುವವಳು. ಲಕ್ಷ್ಮೀಪುರಂನಲ್ಲಿ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಸೆರಗಿನ ಕೊನೆಯ ಎಳೆಗಳನ್ನು ಬಿಡಿಸಿ, ಹೊಸೆದು, ಮಣಿ ಪೋಣಿಸಿ, ಗಂಟು ಹಾಕಬೇಕು. ಕಣ್ಣು ಟೀವಿಯ ಕಡೆಗಿದ್ದರೂ ಕೆಲಸ ನಿಲ್ಲುವುದಿಲ್ಲ, ಎಲ್ಲ ಬೆರಳ ತುದಿಗೆ ಗೊತ್ತಿರುತ್ತದೆ. ಆ ಬೆರಳುಗಳೇ ನನ್ನ ಅನ್ನ, ಅವೇ ನನ್ನ ಜಂಬ. ಗಂಟು ಹಾಕಿಯೇ ಬದುಕಿದವಳಿಗೆ ಎದೆಯಲ್ಲೂ ಒಂದು ಗಂಟು ಬಂತು ನೋಡಿ. ಆಪರೇಷನ್ ಆಯಿತು. ಆಮೇಲೆ ಕೀಮೊ ಎಂದರು, ಅದಾದ ಮೇಲೆ ಕರೆಂಟು. ರೇಡಿಯೇಷನ್ನಿಗೆ ನಮ್ಮ ಕಡೆ ಎಲ್ಲರೂ ಕರೆಂಟು ಕೊಡಿಸುವುದು ಎಂದೇ ಹೇಳುವುದು.

ಮೊದಲ ಕೀಮೊ ಮುಗಿಸಿ ಮನೆಗೆ ಬಂದವಳು ಹಾಸಿಗೆಗೂ ಬಚ್ಚಲಿಗೂ ಅಲೆದದ್ದೇ ಅಲೆದದ್ದು. ನೀರು ಕುಡಿದರೂ ವಾಂತಿ. ಯಾರ ಮನೆಯಲ್ಲಿ ಒಗ್ಗರಣೆ ಚಟಪಟ ಎಂದರೂ ಕರುಳು ಬಾಯಿಗೆ ಬರುತ್ತಿತ್ತು. ಮತ್ತೆ ತೋರಿಸಲು ಹೋದಾಗ ಡಾಕ್ಟರು ನಗುನಗುತ್ತಾ, “ಹೇಗಿದೀರಮ್ಮ?” ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ನಮ್ಮೆಜಮಾನ್ರು ಎದ್ದು ನಿಂತು, “ಪರವಾಗಿಲ್ಲ ಸಾರ್” ಎಂದರು. ನಾನೂ ತಲೆಯಾಡಿಸಿ, “ಪರವಾಗಿಲ್ಲ ಡಾಕ್ಟ್ರೇ” ಎಂದೆ. ಡಾಕ್ಟರು ಒಳ್ಳೆಯ ಮನುಷ್ಯರು. ಪಾಪ, ಹೇಳಿದ್ದನ್ನು ನಂಬಿ ಸಂತೋಷಪಟ್ಟರು.

ಪಕ್ಕದಲ್ಲಿ ನಿಂತಿದ್ದ ಈ ಸಿಸ್ಟರ್ ನಂಬಲಿಲ್ಲ. ನಮ್ಮನ್ನು ಪಕ್ಕದ ತಮ್ಮ ಪುಟ್ಟ ಕೋಣೆಗೆ ಕರೆದುಕೊಂಡು ಹೋದರು. ನಮ್ಮೆಜಮಾನ್ರ ಕಡೆ ತಿರುಗಿ, “ಯಜಮಾನ್ರೇ, ಕೆಳಗಡೆ ಕ್ಯಾಂಟೀನಲ್ಲಿ ಕಾಫಿ ಬಹಳ ಚೆನ್ನಾಗಿರುತ್ತೆ. ನಿಧಾನವಾಗಿ ಕುಡ್ಕೊಂಡು ಬನ್ನಿ” ಎಂದು ಅವರನ್ನು ಸಾಗಹಾಕಿದರು. ಆ ಕ್ಯಾಂಟೀನಿನ ಕಾಫಿಯಂಥ ಕೆಟ್ಟ ಕಾಫಿಯನ್ನು ಮೈಸೂರಿನಲ್ಲಿ ಇನ್ನೆಲ್ಲೂ ನಾನು ಕುಡಿದಿಲ್ಲ. ಸಿಸ್ಟರ್ ಬಾಗಿಲು ಹಾಕಿ ನನ್ನೆದುರು ಕೂತರು.

“ನೋಡಿ, ಈ ಕೋಣೇಲಿ ಪರವಾಗಿಲ್ಲ ಅನ್ನೋ ಹಾಗಿಲ್ಲ. ಚೆನ್ನಾಗಿದೆ ಅನ್ನಿ, ಚೆನ್ನಾಗಿಲ್ಲ ಅನ್ನಿ, ಸತ್ತೇಹೋಗೋ ಹಾಗಿದೆ ಅನ್ನಿ. ಪರವಾಗಿಲ್ಲ ಅಂದ್ಬುಟ್ರೆ ನಾನು ಯಾವುದಕ್ಕೆ ಅಂತ ಔಷಧಿ ಹುಡುಕ್ಲಿ?”

“ಸ್ವಲ್ಪ ವಾಂತಿ ಆಗಿತ್ತು ಅಷ್ಟೇ ಸಿಸ್ಟರ್...”

“ಸ್ವಲ್ಪ ಅನ್ನೋದೂ ಅದರ ತಂಗೀನೇ. ಇವತ್ತು ಬೆಳಗ್ಗೆ ತಟ್ಟೇಲಿ ಏನಿತ್ತು? ಎಷ್ಟು ಹೊಟ್ಟೆಗೆ ಹೋಯ್ತು, ಎಷ್ಟು ತಟ್ಟೇಲೇ ಉಳೀತು?”

ಆಗ ಹೇಳಿದೆ. ಹೇಳುತ್ತಾ ಹೇಳುತ್ತಾ ಗಳಗಳ ಅತ್ತುಬಿಟ್ಟೆ. ಅವರು ನೀರಿನ ಲೋಟ ಮುಂದಿಟ್ಟು ಕಾದರು. ಆಮೇಲೆ ಡಾಕ್ಟರ ಹತ್ತಿರ ಹೋಗಿ ಮಾತಾಡಿ, ಮಾತ್ರೆ ಬದಲಾಯಿಸಿಕೊಂಡು ಬಂದರು. ವಾಂತಿ ಬಂದ ಮೇಲೆ ಮಾತ್ರೆ ನುಂಗಿದರೆ ಅದೂ ಜೊತೆಗೇ ಆಚೆ ಬರುತ್ತದೆ, ಬರುವ ಮೊದಲೇ ನುಂಗಬೇಕು ಎಂದು ಹೊತ್ತು ಹೊತ್ತಿನದನ್ನು ಬಾಯಿಪಾಠ ಮಾಡಿಸಿದರು. ಒಂದೇ ಸಲ ತಟ್ಟೆ ತುಂಬ ಬೇಡ, ಆಗಾಗ ಒಂದೊಂದು ತುತ್ತು, ಬಿಸಿಗಿಂತ ಆರಿದ್ದಾದರೆ ವಾಸನೆ ಕಡಿಮೆ ಎಂದರು. ಕಾಫಿ ಕುಡಿದು ಬಂದ ನಮ್ಮೆಜಮಾನ್ರನ್ನು ನಿಲ್ಲಿಸಿಕೊಂಡು, “ನಿಮಗೆ ಒಗ್ಗರಣೆ ಹಾಕೋಕೆ ಬರುತ್ತಾ?” ಎಂದು ಕೇಳಿದರು. ಅವರು ಹುಟ್ಟಿದ ಮೇಲೆ ಸೌಟು ಹಿಡಿದವರಲ್ಲ. “ಬರಲ್ಲ” ಎಂದರು. “ಇವತ್ತಿಂದ ಬರುತ್ತೆ. ಇವರು ಅಡುಗೆಮನೆ ಕಡೆ ಸುಳೀಬಾರದು. ಕಿಟಕಿ ತೆಗೆದಿಟ್ಕೊಂಡು ನೀವೇ ಅಡುಗೆ ಮಾಡಿ.” ನಮ್ಮೆಜಮಾನ್ರ ಮೊದಲ ಸಾರಿನ ರುಚಿಯನ್ನು ಇಲ್ಲಿ ವರ್ಣಿಸದೆ ಇರುವುದೇ ಮರ್ಯಾದೆ. ಆದರೆ ಆ ವಾರದಿಂದ ನನಗೆ ಅನ್ನ ಸೇರಿತು.

ಈ ಪರವಾಗಿಲ್ಲ ಎನ್ನುವ ಮಾತು ನಮ್ಮೂರಿನ ಗಾಳಿಯಲ್ಲೇ ಇದೆ. ಬಸ್ಸಿನಲ್ಲಿ ಯಾರಾದರೂ ಕಾಲು ತುಳಿದರೆ ಪರವಾಗಿಲ್ಲ. ಇನ್ನೊಂದು ಸೌಟು ಉಪ್ಪಿಟ್ಟು ಹಾಕಲಾ ಎಂದರೆ ಪರವಾಗಿಲ್ಲ, ಅದು ಬೇಕೆಂದೋ ಬೇಡವೆಂದೋ ಬಡಿಸುವವರೇ ತಿಳಿದುಕೊಳ್ಳಬೇಕು. ಹುಡುಗ ಹೇಗಿದ್ದಾನೆ ಎಂದರೂ ಪರವಾಗಿಲ್ಲ. ಆಸ್ಪತ್ರೆಯಲ್ಲಿ ಅದಕ್ಕೆ ಎಷ್ಟು ಅರ್ಥ ಎನ್ನುವುದನ್ನು ಸಿಸ್ಟರೇ ನನಗೆ ಒಮ್ಮೆ ಬಿಡಿಸಿ ಹೇಳಿದ್ದರು. “ಲಕ್ಷ್ಮೀಪುರಂನೋರು ಪರವಾಗಿಲ್ಲ ಅಂದ್ರೆ, ಡಾಕ್ಟ್ರಿಗೆ ಯಾಕೆ ತೊಂದರೆ ಕೊಡೋದು ಅಂತ. ಹಿನಕಲ್‌ನೋರು ಅಂದ್ರೆ, ಇದೂ ಒಂದು ನೋವಾ ಅಂತ. ರಾಜೀವನಗರ ಅಂದ್ರೆ, ಅತ್ತೆ ಪಕ್ಕದಲ್ಲೇ ಕೂತವ್ರೆ ಅಂತ!” ಎಂದು ತಾವೇ ಬಿದ್ದು ಬಿದ್ದು ನಕ್ಕರು.

ರಾಜೀವನಗರ ಎಂದರೆ ನನ್ನ ಪಕ್ಕದ ಕುರ್ಚಿಯಲ್ಲಿ ಕೀಮೊಗೆ ಕೂರುತ್ತಿದ್ದ ಎಳೆಯ ಹೆಣ್ಣುಮಗಳು. ಬಾಯೆಲ್ಲ ಹುಣ್ಣಾಗಿ ಉಗುಳು ನುಂಗಲಾರದೆ ಒದ್ದಾಡುತ್ತಿದ್ದರೂ ಅತ್ತೆಯ ಮುಂದೆ ತುಟಿ ಬಿಚ್ಚುತ್ತಿರಲಿಲ್ಲ. ಆ ಅತ್ತೆಯೂ ಕ್ಯಾಂಟೀನ್ ಕಾಫಿ ಕುಡಿದು ಬರಬೇಕಾಯಿತು. ಅಷ್ಟರಲ್ಲಿ ಸಿಸ್ಟರ್ ಅವಳಿಂದ ಎಲ್ಲ ಬಾಯಿ ಬಿಡಿಸಿ, ಉಪ್ಪು ಮತ್ತು ಅಡುಗೆ ಸೋಡಾ ಹಾಕಿದ ನೀರಿನಲ್ಲಿ ಬಾಯಿ ಮುಕ್ಕಳಿಸುವುದನ್ನು ತಾವೇ ಎದುರು ನಿಂತು ಮಾಡಿಸಿದರು. ಅತ್ತೆ ವಾಪಸ್ ಬಂದಾಗ ಅವರನ್ನೂ ಕೂರಿಸಿಕೊಂಡು, “ಖಾರ, ಹುಳಿ ಎರಡೂ ಬೇಡ ತಾಯಿ. ಮೊಸರನ್ನ ಚೆನ್ನಾಗಿ ಹಿಸುಕಿ ಕೊಡೋದು ನಿಮ್ಮ ಕೆಲಸ, ಬೇರೆ ಯಾರ ಕೈಲೂ ಆಗಲ್ಲ” ಎಂದು ಉಬ್ಬಿಸಿ ಕಳಿಸಿದರು. ಮುಂದಿನ ಸಲ ಆ ಅತ್ತೆಯೇ ಬಂದು ಸೊಸೆಯ ಬಾಯಿಯ ವರದಿಯನ್ನು ಚಾಚೂ ತಪ್ಪದೆ ಒಪ್ಪಿಸಿದರು.

ಸಿಸ್ಟರ್ ಹುಟ್ಟಿದ್ದು ನಂಜನಗೂಡಿನ ಆಚೆಯ ಒಂದು ಹಳ್ಳಿಯಲ್ಲಂತೆ, ಓದಲು ಬಂದು ಹಾಸ್ಟೆಲಿನಲ್ಲಿದ್ದು ಇಲ್ಲೇ ನಿಂತವರು. ಅವರ ಮೇಜಿನ ಗಾಜಿನ ಕೆಳಗೆ ಅಂಗೈಯಗಲದ ಬುದ್ಧನ ಚಿತ್ರವಿತ್ತು. ಬೆಟ್ಟದ ಕುಂಕುಮ ಕೊಟ್ಟರೂ, ದರ್ಗಾದ ಸಕ್ಕರೆ ಕೊಟ್ಟರೂ, ಮಠದ ವಿಭೂತಿ ಕೊಟ್ಟರೂ ಎರಡು ಕೈಯಲ್ಲಿ ತೆಗೆದುಕೊಂಡು ಆ ಬುದ್ಧನ ಪಕ್ಕದಲ್ಲೇ ಇಡುತ್ತಿದ್ದರು. ಮಾಮೂಲು ಹೊತ್ತಿನಲ್ಲಿ ಅವರ ಮಾತು ನಮ್ಮ ಬೀದಿಯವರ ಮಾತಿನ ಹಾಗೇ ಇರುತ್ತಿತ್ತು. ಕೋಪ ಬಂದಾಗ ಮಾತ್ರ ಹಕಾರ ಉದುರಿ ಹಳ್ಳಿ ಹೊರಗೆ ಬರುತ್ತಿತ್ತು. “ಹೇಗಿದೀರಿ” ಎಂದರೆ ಧೈರ್ಯವಾಗಿ ಕೂರಬಹುದು. “ಎಂಗಿದೀರಿ” ಎಂದರೋ, ಮುಗಿಯಿತು ನಮ್ಮ ಕಥೆ.

ಕೋಪವೇನು ಕಡಿಮೆಯೇ? ಲಿಫ್ಟಿನವನ ಜೊತೆ ಜಗಳ, ವೀಲ್‌ಚೇರು ಸಮಯಕ್ಕೆ ಬರಲಿಲ್ಲ ಎಂದು ಜಗಳ. ಎಲ್ಲ ಸಲವೂ ಅವರೇ ಸರಿ ಎಂದೂ ಅಲ್ಲ. ಒಮ್ಮೆ ನನ್ನ ಬಾಯಿಗೆ ಥರ್ಮಾಮೀಟರ್ ಇಟ್ಟು ನೋಡಿ, ಜ್ವರ ಎಂದು ಹೌಹಾರಿ, ಡಾಕ್ಟರನ್ನೂ ರಕ್ತ ತೆಗೆಯುವವರನ್ನೂ ಕರೆಸಿ ವಾರ್ಡನ್ನೇ ತಲೆಕೆಳಗು ಮಾಡಿದರು. ನಾನು ಆಗ ತಾನೇ ಬಿಸಿ ಕಾಫಿ ಕುಡಿದಿದ್ದೆ. ಗೊತ್ತಾದ ಮೇಲೆ ಎಲ್ಲರ ಮುಂದೆ ನಾಲಿಗೆ ಕಚ್ಚಿಕೊಂಡವರು, ಹೋಗುವಾಗ ನನ್ನ ಮೇಲೇ ತಿರುಗಿ, “ಕಾಫಿ ಕುಡಿದೋರು ಯೋಳೋದಲ್ವಾ?” ಎಂದು ಗುರ್ರೆಂದರು!

ಜ್ವರ ಎಂದರೆ ಅವರು ಹಾಗೆ ಬೆಚ್ಚಿಬೀಳುವುದಕ್ಕೆ ಕಾರಣ ಹಿನಕಲ್ಲಿನ ಹಿರಿಯರ ಪ್ರಸಂಗದಲ್ಲಿ ನನಗೆ ಗೊತ್ತಾಯಿತು. ಕೀಮೊ ನಡೆಯುವಾಗ ಮೈಯಲ್ಲಿ ರೋಗದ ಜೊತೆ ಹೋರಾಡುವ ಶಕ್ತಿ ಕುಂದಿರುತ್ತದೆ, ಸಣ್ಣ ಜ್ವರವೂ ಪ್ರಾಣಕ್ಕೆ ಬರಬಹುದು, ಮಾತ್ರೆ ನುಂಗಿ ಮಲಗಬೇಡಿ, ಮೊದಲು ಫೋನ್ ಮಾಡಿ ಎಂದು ಅವರು ನಮಗೆಲ್ಲ ಹೇಳಿ ಹೇಳಿ ಇಟ್ಟಿದ್ದರು. ಆ ಹಿರಿಯರಿಗೆ ಜ್ವರ ಬಂದದ್ದು ಭಾನುವಾರ. ರಜದ ದಿನ ಸಿಸ್ಟರಮ್ಮನಿಗೆ ಯಾಕೆ ತೊಂದರೆ ಎಂದು ಜ್ವರದ ಮಾತ್ರೆ ನುಂಗಿ ಕಂಬಳಿ ಹೊದ್ದು ಮಲಗಿದ್ದಾರೆ. ಮಾರನೆಯ ದಿನ ತಮ್ಮ ಪಾಡಿಗೆ ಬಸ್ಸು ಹತ್ತಿ ಬಂದವರು, ವರಾಂಡದ ಬೆಂಚಿನ ಮೇಲೆ ಕೂತವರು, ಹಾಗೇ ಪಕ್ಕಕ್ಕೆ ವಾಲಿದರು. ಸಿಸ್ಟರ್ ಓಡಿದ್ದನ್ನು ನೋಡಬೇಕಿತ್ತು! ಆಮೇಲೆ ಒಂದು ವಾರ ಹಿರಿಯರು ಒಳಗಿನ ವಾರ್ಡಿನಲ್ಲಿ ಡ್ರಿಪ್ಪು ಹಾಕಿಸಿಕೊಂಡು ಮಲಗಿದ್ದರು. ಕಣ್ಣು ಬಿಟ್ಟಾಗ ಸಿಸ್ಟರ್ ಪಕ್ಕದಲ್ಲಿದ್ದರಂತೆ.

“ಎಂಗಿದೀರಿ?” ಎಂದರಂತೆ.

“ಪರ್ವಾಗಿಲ್ಲ ಕಣವ್ವ.”

“ಅಂಗಂತ ಇನ್ನೊಂದ್ಸಲ ಅಂದ್ರೆ ನಾನೇ ನಿಮ್ಮನ್ನ ಕೊಂದಾಕ್ಬುಡ್ತೀನಿ ನೋಡಿ! ಭಾನ್ವಾರ ನಂಗೆ ತೊಂದರೆ ಆಗುತ್ತೆ ಅಂತ ನಿಮಗ್ಯಾರು ಯೋಳಿದ್ರು? ನೀವು ಓಗ್ಬುಟ್ಟಿದ್ರೆ ತೊಂದರೆ ಆಗ್ತಿರ್ಲಿಲ್ವಾ ನಂಗೆ?”

ಹಿರಿಯರು ಇದನ್ನು ನಮಗೆ ಹೇಳುವಾಗ ನಗುತ್ತಿದ್ದರು, ಕಣ್ಣಲ್ಲಿ ನೀರೂ ಇತ್ತು. “ಬಯ್ಯೋವಾಗ ಕೈ ಮಾತ್ರ ಬುಡ್ಲಿಲ್ಲ ಕಣಮ್ಮ, ಇಡ್ಕೊಂಡೇ ಇದ್ದಳು” ಎಂದರು.

ಇಷ್ಟೆಲ್ಲ ಕಂಡೂ ನಾನು ಬಾಯಿ ಮುಚ್ಚಿಕೊಂಡಿದ್ದ ಒಂದು ವಿಷಯವಿತ್ತು. ಅರ್ಧ ಕೀಮೊ ಆದ ಮೇಲೆ ಔಷಧಿ ಬದಲಾಯಿಸಿದ್ದರು. ವಾಂತಿ ನಿಂತಿತ್ತು, ಆದರೆ ಬೆರಳ ತುದಿಗಳಲ್ಲಿ ಜೋಮು ಶುರುವಾಯಿತು. ಕೈ ಮೇಲೆ ಮಲಗಿ ಎದ್ದಾಗ ಜುಮುಜುಮು ಎನ್ನುತ್ತದಲ್ಲ, ಹಾಗೆ. ಮೊದಲು ಬಂದು ಹೋಗುತ್ತಿತ್ತು, ಬರಬರುತ್ತಾ ಹೋಗುವುದನ್ನೇ ಮರೆಯಿತು. ಕುಂಕುಮದ ಬಟ್ಟಲಿಗೆ ಬೆರಳಿಟ್ಟರೆ ಚಿಟಿಕೆ ಬಂತೋ ಇಲ್ಲವೋ ನೋಡಿಯೇ ತಿಳಿಯಬೇಕು. ರೇಷ್ಮೆ ಎಳೆ ಹಿಡಿದಿದ್ದೇನೆ ಎಂದುಕೊಂಡು ಹೊಸೆದರೆ ಕೈಯಲ್ಲಿ ಎಳೆಯೇ ಇಲ್ಲ. ಗಿರಾಕಿಯೊಬ್ಬರು ಸೀರೆ ವಾಪಸ್ ತಂದು, “ಗಂಟೆಲ್ಲ ಬಿಚ್ಕೋತಿದೆ ಕಣ್ರೀ, ನಿಮ್ಮ ಕೈದೇನಾ ಇದು?” ಎಂದು ಕೇಳಿದಾಗ ನನ್ನ ಜೀವ ಹಿಡಿಯಷ್ಟಾಯಿತು.

ಸಿಸ್ಟರ್‌ಗೆ ಯಾಕೆ ಹೇಳಲಿಲ್ಲ ಎಂದರೆ, ಹೆದರಿಕೆ. ಹೇಳಿದರೆ ಔಷಧಿ ನಿಲ್ಲಿಸುತ್ತಾರೆ, ನಿಲ್ಲಿಸಿದರೆ ಗಂಟು ಮತ್ತೆ ಬರುತ್ತದೆ. ಹೇಳದಿದ್ದರೆ ಬೆರಳು ಹೋಗುತ್ತದೆ. ಜೀವವೋ ಬೆರಳೋ ಎಂದು ನನ್ನಷ್ಟಕ್ಕೆ ನಾನೇ ತಕ್ಕಡಿ ಹಿಡಿದು ತೂಗಿ, ಜೀವ ಎಂದು ತೀರ್ಮಾನ ಮಾಡಿಕೊಂಡು ತೆಪ್ಪಗಿದ್ದೆ. ರವಿಕೆಯ ಹುಕ್ಕು ಹಾಕಿಕೊಳ್ಳಲು ಆಗುತ್ತಿರಲಿಲ್ಲ, ಹೊರಗೆ ಹೋಗುವಾಗ ಚೂಡಿದಾರ್ ಹಾಕಿಕೊಳ್ಳತೊಡಗಿದೆ.

ಅದೇ ನನ್ನನ್ನು ಹಿಡಿದುಕೊಟ್ಟಿದ್ದು. ಒಂದು ದಿನ ಸಿಸ್ಟರ್ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಏನ್ ಲಕ್ಷ್ಮೀಪುರಂ, ಕುಚ್ಚಿನ ಸೀರೆ ಎಲ್ಲಿ?” ಎಂದರು. “ಸೆಕೆ ಸಿಸ್ಟರ್” ಎಂದೆ. ಹೊರಗೆ ಮೋಡ ಮುಚ್ಚಿ ತಣ್ಣಗೆ ಗಾಳಿ ಬೀಸುತ್ತಿತ್ತು. ನಮ್ಮೆಜಮಾನ್ರು ಹೇಳಿಸಿಕೊಳ್ಳದೆ ತಾವಾಗಿಯೇ ಕ್ಯಾಂಟೀನಿಗೆ ಎದ್ದು ಹೋದರು. ಸಿಸ್ಟರ್ ಬಾಗಿಲು ಹಾಕಿ, “ಕಣ್ಣು ಮುಚ್ಚಿ ಕೈ ಚಾಚಿ” ಎಂದರು. ಚಾಚಿದೆ.

“ನಿಮ್ಮ ಬೆರಳಿನ ಮೇಲೆ ಒಂದು ಸಾಮಾನು ಇಡ್ತೀನಿ. ಏನು ಅಂತ ಹೇಳಿ.”

ಕಾದೆ. ಮೈಯೆಲ್ಲ ಕಿವಿಯಾಗಿ, ಇದ್ದಬದ್ದ ಪ್ರಾಣವನ್ನೆಲ್ಲ ಬೆರಳಿಗೆ ತಂದು ನಿಲ್ಲಿಸಿಕೊಂಡು ಕಾದೆ. ಹಗುರವಾದದ್ದು, ಮೆತ್ತಗಿನದು ಇರಬೇಕು ಎನ್ನಿಸಿತು.

“ಹತ್ತಿ” ಎಂದೆ.

“ನಾನಿನ್ನೂ ಏನೂ ಇಟ್ಟೇ ಇಲ್ಲ ಕಣ್ರೀ” ಎಂದರು.

ಕಣ್ಣು ತೆರೆದರೆ ಅವರ ಕೈಗಳು ಅವರ ಮಡಿಲಲ್ಲೇ ಇದ್ದವು. ಎಲ್ಲ ಹೇಳಿದೆ, ಕುಂಕುಮ, ರೇಷ್ಮೆ ಎಳೆ, ವಾಪಸ್ ಬಂದ ಸೀರೆ, ತಕ್ಕಡಿ. ಔಷಧಿ ನಿಲ್ಲಿಸಬೇಡಿ ಎಂದು ಕೈ ಮುಗಿದೆ. ಅವತ್ತು ಅವರು ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ.

“ನಿಲ್ಲಿಸೋದು ಬೇರೆ, ಕಡಿಮೆ ಮಾಡೋದು ಬೇರೆ. ಜೀವಾನೋ ಬೆರಳೋ ಅಂತ ನಿಮ್ಮನ್ನ ಯಾರು ಕೇಳಿದ್ರು? ಎರಡನ್ನೂ ನೋಡ್ಕೊಳ್ಳೋಕೆ ನಾವಿರೋದು. ಜೋಮಾ, ಉರಿಯಾ, ಮರಗಟ್ಟಿದ ಹಾಗಾ? ಯಾವ ಬೆರಳು ಯಾವಾಗಿಂದ? ಒಂದೊಂದಾಗಿ ಹೇಳಿ, ಹೋಗೋಣ ಡಾಕ್ಟ್ರ ಹತ್ರ.”

ಡಾಕ್ಟರು ಕೇಳಿ, ಯೋಚಿಸಿ, ಆ ವಾರದ ಕೀಮೊ ಮುಂದೆ ಹಾಕಿ, ಔಷಧಿಯ ಪ್ರಮಾಣ ಇಳಿಸಿದರು. ಹೀಗೆ ಇಳಿಸುವುದು ಎಷ್ಟೋ ಜನರಿಗೆ ಮಾಡುವುದೇ, ಹೆದರಬೇಡಿ ಎಂದರು. “ಇದನ್ನ ನನಗೆ ಯಾಕಮ್ಮ ಹೇಳಲಿಲ್ಲ?” ಎಂದು ಕೇಳಿದವರು ಬೇಸರದಿಂದಲೇ ಕೇಳಿದರು. ಕೀಮೊ ಮುಗಿಯಿತು, ಕರೆಂಟೂ ಮುಗಿಯಿತು. ಬೆರಳು ಮಾತ್ರ ಹಾಗೇ ಇತ್ತು.

“ವಾಪಸ್ ಬರುತ್ತಾ ಸಿಸ್ಟರ್?” ಎಂದು ಹೋದಾಗಲೆಲ್ಲ ಕೇಳುತ್ತಿದ್ದೆ. ಬರುತ್ತೆ ಬಿಡಿ ಎಂದು ಒಂದು ಮಾತು ಅಂದಿದ್ದರೆ ಅವರ ಗಂಟೇನು ಹೋಗುತ್ತಿತ್ತು? ಅನ್ನಲಿಲ್ಲ. “ಬಹಳ ಜನಕ್ಕೆ ಬರುತ್ತೆ, ನಿಧಾನಕ್ಕೆ. ಕೆಲವರಿಗೆ ಪೂರ್ತಿ ಬರಲ್ಲ. ನಿಮಗೆ ಯಾವ ಥರ ಅಂತ ಈಗಲೇ ಹೇಳೋಕೆ ನನಗೆ ಗೊತ್ತಿಲ್ಲ” ಎನ್ನುತ್ತಿದ್ದರು. ಆಗ ಕೋಪ ಬರುತ್ತಿತ್ತು. ಆದರೆ ಎಲ್ಲರೂ ಎಲ್ಲ ಸರಿಹೋಗುತ್ತೆ ಎನ್ನುತ್ತಿದ್ದ ಕಾಲದಲ್ಲಿ ನಾನು ಕಣ್ಣು ಮುಚ್ಚಿ ನಂಬಬಹುದಾಗಿದ್ದ ಮಾತು ಅವರದೊಂದೇ ಆಗಿತ್ತು. ಬಿಸಿನೀರನ್ನು ಬೆರಳಲ್ಲಿ ಮುಟ್ಟಿ ನೋಡಬೇಡಿ, ಮೊಣಕೈಯಲ್ಲಿ ನೋಡಿ. ಬರಿಗಾಲಲ್ಲಿ ಓಡಾಡಬೇಡಿ. ಈಳಿಗೆಮಣೆಯ ಹತ್ತಿರ ಹೋಗಬೇಡಿ. ಸೂಜಿ ಬಿಡಬೇಡಿ, ದಪ್ಪ ದಾರ ತೆಗೆದುಕೊಂಡು ಕಣ್ಣಲ್ಲಿ ನೋಡುತ್ತಾ ದಿನಾ ಸ್ವಲ್ಪ ಕಟ್ಟಿ. ಹೇಳಿದ್ದನ್ನೆಲ್ಲ ಮಾಡಿದೆ. ಕಟ್ಟಿದ್ದನ್ನು ನೋಡಿದರೆ ನನಗೇ ನಾಚಿಕೆಯಾಗುತ್ತಿತ್ತು, ಆದರೂ ಕಟ್ಟಿದೆ.

ಚಳಿಗಾಲ ಬಂತು. ದೇವರಾಜ ಮಾರ್ಕೆಟ್ಟಿನಿಂದ ನಮ್ಮೆಜಮಾನ್ರು ಸೊಗಡು ಅವರೆಕಾಯಿ ತಂದರು. ಕಾಳು ಬಿಡಿಸಿ ನೆನೆಹಾಕಿ, ಮಾರನೆಯ ದಿನ ಬೆಳಗ್ಗೆ ಇಬ್ಬರೂ ಬಾಗಿಲಲ್ಲಿ ಬಿಸಿಲು ಕಾಯಿಸಿಕೊಳ್ಳುತ್ತಾ ಹಿತುಕಲು ಕೂತೆವು. ಒಂದೊಂದು ಕಾಳನ್ನೂ ದಿಟ್ಟಿಸಿ ನೋಡಿ ಹಿತುಕುತ್ತಿದ್ದೆ, ನೋಡದಿದ್ದರೆ ಕಾಳೂ ಸಿಪ್ಪೆಯೂ ಒಂದೇ ಪಾತ್ರೆಗೆ ಬೀಳುತ್ತಿದ್ದವು. ಎದುರು ಮನೆಯಾಕೆ ರಸ್ತೆಯ ಆಚೆಯಿಂದ ಏನೋ ಕೇಳಿದರು. ತಲೆಯೆತ್ತಿ ಅವರಿಗೆ ಉತ್ತರ ಕೊಡುತ್ತಿದ್ದೆ. ಮಾತಿನ ಮಧ್ಯೆ ನನ್ನ ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಏನೋ ನುಣ್ಣಗೆ ಜಾರಿತು.

ಜಾರಿದ್ದು ನನಗೆ ಗೊತ್ತಾಯಿತು. ನಾನು ನೋಡಿರಲಿಲ್ಲ.

ಇನ್ನೊಂದು ಕಾಳು ತೆಗೆದುಕೊಂಡು, ಬೇಕೆಂದೇ ಆಕಾಶ ನೋಡುತ್ತಾ ಹಿತುಕಿದೆ. ಪುಳಕ್ಕೆಂದು ಜಾರಿತು. ಮತ್ತೊಂದು. ಅದೂ ಗೊತ್ತಾಯಿತು. “ರೀ!” ಎಂದು ಕೂಗಿದ್ದಕ್ಕೆ ನಮ್ಮೆಜಮಾನ್ರು ಹೆದರಿ ತಟ್ಟೆ ಬೀಳಿಸಿದರು. ಕೈಯಲ್ಲಿ ಅವರೆಯ ಲೋಳೆ ಇರುವಂತೆಯೇ ಸಿಸ್ಟರ್‌ಗೆ ಫೋನ್ ಮಾಡಿದೆ.

“ಸಿಸ್ಟರ್, ನಾನು ಲಕ್ಷ್ಮೀಪುರಂ. ಬಂತು ಸಿಸ್ಟರ್, ಬೆರಳು ಬಂತು! ಅವರೆಕಾಳು ಜಾರಿದ್ದು ಗೊತ್ತಾಯ್ತು!”

“ಯಾವ ಬೆರಳು?”

“ಬಲಗೈ ಹೆಬ್ಬೆರಳು, ತೋರುಬೆರಳು.”

“ಎಡಗೈ?”

ಅಂಥ ಹೊತ್ತಿನಲ್ಲಿ ಅವರಿಗೆ ಪೂರ್ತಿ ಸಂತೋಷ ಕೊಡಬೇಕು ಎಂದು ನನಗೆ ಎಷ್ಟು ಆಸೆಯಿತ್ತು! ಎಡಗೈಯನ್ನು ಪಾತ್ರೆಯಲ್ಲಿ ಅದ್ದಿ, ಕಣ್ಣು ಮುಚ್ಚಿ, ಕಾಳುಗಳ ನಡುವೆ ಬೆರಳಾಡಿಸಿದೆ.

“ಇಲ್ಲ ಸಿಸ್ಟರ್. ಎಡಗೈದು ಒಂದೂ ಬಂದಿಲ್ಲ. ಮರದ ಥರಾನೇ ಇದೆ. ನನಗೆ ಭಯ ಆಗುತ್ತೆ.”

ಆ ಕಡೆಯಿಂದ ಮೂಗು ಸೊರ್ರೆಂದದ್ದು ಕೇಳಿಸಿತು. ಅವರು ಅತ್ತದ್ದನ್ನು ನಾನು ಅಲ್ಲಿಯವರೆಗೆ ಕಂಡವಳೂ ಅಲ್ಲ, ಕೇಳಿದವಳೂ ಅಲ್ಲ.

“ಯಾಕೆ ಸಿಸ್ಟರ್ ಅಳ್ತೀರಾ? ಬಲಗೈ ಬಂತಲ್ಲ!”

“ಬಲಗೈ ಬಂತು ಅಂತ ಅಲ್ಲ ಕಣಮ್ಮ” ಎಂದರು. “ನಾನು ಬಾಗಿಲು ಹಾಕದೇನೇ, ಎಡಗೈ ಇಲ್ಲ ಅಂತ ಹೇಳಿದ್ರಲ್ಲ, ಅದಕ್ಕೆ.”